ಕ್ರೂಸ್ ಹಡಗಿನಲ್ಲಿ ಮೊದಲ ಸಲ ಇಂಜಿನ್ ವಾಚ್ ತಗೊಳ್ಳುವವರಿಗೆ

ಸರಕು ಹಡಗು ಬಿಟ್ಟು ಕ್ರೂಸ್ ಹಡಗಿಗೆ ಥರ್ಡ್ ಇಂಜಿನಿಯರ್ ಆಗಿ ಹೊರಡುವ ನಮ್ಮ ಕರಾವಳಿಯ ಹುಡುಗರು ವಾಚ್ ಬಗ್ಗೆ, ಅಂದರೆ ಇಂಜಿನ್ ರೂಮಿನ ಪಾಳಿ ಕೆಲಸದ ಬಗ್ಗೆ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಅಲ್ಲಿ ವಾಚ್‌ನಲ್ಲಿ ಮುಖ್ಯ ಏನು?" ಕರೆಂಟು. ಅದು ಹೋಗದ ಹಾಗೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಯಾಕೆ ಅಂತ ಹೇಳುತ್ತೇನೆ. ಸರಕು ಹಡಗಿನಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಮೇನ್ ಇಂಜಿನ್ ನೇರವಾಗಿ ಪ್ರೊಪೆಲರ್ ತಿರುಗಿಸುತ್ತದೆ, ಜನರೇಟರ್‌ಗಳು ಬೇರೆ. ಈಗಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಡೀಸೆಲ್-ಎಲೆಕ್ಟ್ರಿಕ್. ಇಂಜಿನ್ ಕರೆಂಟು ಮಾಡುತ್ತದೆ, ಆ ಕರೆಂಟಿನಿಂದ ಮೋಟರ್ ಪ್ರೊಪೆಲರ್ ತಿರುಗಿಸುತ್ತದೆ. 2009ರಲ್ಲಿ ಬಂದ ಓಯಸಿಸ್ ಆಫ್ ದ ಸೀಸ್ ನೋಡಿ. ಆರು ವಾರ್ಟ್ಸಿಲಾ ಇಂಜಿನ್, ಮೂರಕ್ಕೆ 12 ಸಿಲಿಂಡರ್, ಇನ್ನು ಮೂರಕ್ಕೆ 16. ಎಲ್ಲ ಸೇರಿ ಸುಮಾರು 97 ಮೆಗಾವ್ಯಾಟ್. ಹಿಂಭಾಗದಲ್ಲಿ ತಳದ ಕೆಳಗಿರುವ ಮೂರು ಅಜಿಪಾಡ್‌ಗಳಿಗೆ (ಮೋಟರ್, ಪ್ರೊಪೆಲರ್ ಎರಡೂ ಒಂದರಲ್ಲೇ ಇರುವ ಘಟಕ) ತಲಾ 20 ಮೆಗಾವ್ಯಾಟ್. ಎಸಿ, ಅಡುಗೆಮನೆ, ಲಿಫ್ಟ್, ಲಾಂಡ್ರಿ, ನೀರು ಎಲ್ಲವೂ ಕರೆಂಟು ಹಂಚುವ ಅದೇ ಮುಖ್ಯ ಸ್ವಿಚ್‌ಬೋರ್ಡಿನಿಂದಲೇ. ಟಾಯ್ಲೆಟ್ ಕೂಡ ವ್ಯಾಕ್ಯೂಮ್ ಪಂಪಿನ ಮೇಲೆ ನಡೆಯುತ್ತದೆ. ಸ್ವಿಚ್‌ಬೋರ್ಡ್ ಸತ್ತರೆ ಹಡಗೂ ನಿಂತಿತು, ಮೇಲಿನ ಊರೂ ನಿಂತಿತು.

ನಿಮ್ಮ ವಾಚ್ ನಾಲ್ಕಕ್ಕೆ ಶುರುವಾದರೆ ಮೂರೂವರೆಗೇ ಕೆಳಗಿಳಿಯಿರಿ. ಸೀದಾ ಕಂಟ್ರೋಲ್ ರೂಮಿಗೆ ಹೋಗಬೇಡಿ. ಅಲ್ಲಿ ಎಸಿ ತಣ್ಣಗಿರುತ್ತದೆ, ಸ್ಕ್ರೀನ್ ತುಂಬ ಹಸಿರು ನಂಬರು, ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ. ಮೊದಲು ಪ್ಲಾಂಟ್ ಸುತ್ತಿ ಬನ್ನಿ. ಕಿವಿಗೆ ಇಯರ್ ಮಫ್, ಕೈಯಲ್ಲಿ ಟಾರ್ಚ್, ಜೇಬಿನಲ್ಲಿ ಬಿಳಿ ಬಟ್ಟೆಯ ತುಂಡು.

ಮೊದಲು ನೋಡಬೇಕಾದದ್ದು ಲ್ಯೂಬ್ ಆಯಿಲ್, ಅಂದರೆ ಇಂಜಿನ್ ಸವೆಯದಂತೆ ಕಾಯುವ ಎಣ್ಣೆ. ಓಡುತ್ತಿರುವ ಪ್ರತಿ ಇಂಜಿನ್ನಿನ ಸಂಪ್ (ಆ ಎಣ್ಣೆ ನಿಲ್ಲುವ ತಳದ ಟ್ಯಾಂಕ್) ಮಟ್ಟವನ್ನು ನಿಮ್ಮ ಕೈಯಾರೆ ಅಳೆದು ನೋಡಿ. ಸ್ಕ್ರೀನಿನ ಅಂಕಿ, ಹಿಂದಿನ ವಾಚಿನ ಅಂಕಿ, ನಿಮ್ಮ ಅಂಕಿ ಮೂರನ್ನೂ ಪಕ್ಕಪಕ್ಕ ಬರೆಯಿರಿ. ಹಡಗು ಒಂದು ಕಡೆ ವಾಲಿದ್ದರೆ ಅಳತೆ ತಪ್ಪಾಗಿ ತೋರಿಸುತ್ತದೆ, ಹಾಗಾಗಿ ಲಿಸ್ಟ್ (ಪಕ್ಕಕ್ಕೆ ವಾಲು) ಮತ್ತು ಟ್ರಿಮ್ (ಮುಂದೆ-ಹಿಂದೆ ವಾಲು) ಎಷ್ಟಿತ್ತು ಅಂತಲೂ ಬರೆಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ವೈಕಿಂಗ್ ಸ್ಕೈ ಎಂಬ ಕ್ರೂಸ್ ಹಡಗು. 2019ರ ಮಾರ್ಚ್ 23, ನಾರ್ವೆಯ ಹುಸ್ಟಡ್‌ವಿಕಾ ಎಂಬ ಬಂಡೆಗಳ ಸಮುದ್ರ, ಬಿರುಗಾಳಿ. ಹಡಗಿನಲ್ಲಿ 1,373 ಜನ. ನಾಲ್ಕು ಜನರೇಟರ್‌ಗಳಲ್ಲಿ ಒಂದು ಮೊದಲೇ ಕೆಟ್ಟಿತ್ತು, ಉಳಿದ ಮೂರೂ ಒಂದರ ಹಿಂದೆ ಒಂದು ನಿಂತವು. ಹಡಗು ತೇಲುತ್ತಾ ಹೋಗಿ, ಬಂಡೆಗೆ ಬಡಿಯಲು ತನ್ನ ಉದ್ದದಷ್ಟು ದೂರವೂ ಉಳಿದಿರಲಿಲ್ಲ. 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿದರು. ತನಿಖೆಯಲ್ಲಿ ಸಿಕ್ಕಿದ್ದು ಏನು ಗೊತ್ತಾ? ಸಂಪ್ ಟ್ಯಾಂಕ್‌ಗಳಲ್ಲಿ ಎಣ್ಣೆ ಇರಬೇಕಾದ್ದಕ್ಕಿಂತ ಕಮ್ಮಿ ಇತ್ತು. ಸಮುದ್ರ ಶಾಂತವಾಗಿದ್ದಾಗ ಅಷ್ಟೇ ಎಣ್ಣೆಯಲ್ಲಿ ಇಂಜಿನ್ ಓಡುತ್ತಿತ್ತು. ಹಡಗು ಹೊಯ್ದಾಡಲು ಶುರುವಾದಾಗ ಎಣ್ಣೆ ಒಂದು ಬದಿಗೆ ಸರಿಯಿತು, ಪಂಪ್ ಗಾಳಿ ಎಳೆಯಿತು, ಪ್ರೆಶರ್ ಬಿತ್ತು, ಇಂಜಿನ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತಿತು. ಆದ್ದರಿಂದ ಹವಾಮಾನ ಕೆಡುತ್ತದೆ ಅಂತ ಬ್ರಿಡ್ಜ್ (ಹಡಗು ನಡೆಸುವ ಮೇಲಿನ ಕೋಣೆ) ಹೇಳಿದ ದಿನ ಎಣ್ಣೆ ಮಟ್ಟವನ್ನು ಮೊದಲೇ ಸರಿ ಮಾಡಿಸಿಕೊಳ್ಳಿ. ಬಿರುಗಾಳಿ ಬಂದ ಮೇಲೆ ಕಾಲ ಮೀರಿರುತ್ತದೆ.

ಎರಡನೆಯದು ಇಂಧನದ ಪೈಪುಗಳು. ಇಲ್ಲಿ ಆ ಬಿಳಿ ಬಟ್ಟೆ ಬೇಕು. ಫ್ಲೇಂಜ್ (ಪೈಪು ಸೇರುವ ಬೋಲ್ಟ್ ಬಿಗಿದ ಜಾಗ), ಫ್ಲೆಕ್ಸಿಬಲ್ ಹೋಸ್, ಫಿಲ್ಟರ್ ಮುಚ್ಚಳ, ಎಲ್ಲದರ ಅಡಿಯನ್ನು ಒಮ್ಮೆ ಒರೆಸಿ. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಬಟ್ಟೆಯ ಚೊಕ್ಕ ಮೂಲೆ ಒತ್ತಿ ನೋಡಿ. ಒದ್ದೆಯಾದರೆ ಸೋರಿಕೆ ಹೊಸದು. ಬೆರಳು ಹಾಕಿ ಹುಡುಕಬೇಡಿ, ಒತ್ತಡದ ಪೈಪಿನ ಸಣ್ಣ ರಂಧ್ರದಿಂದ ಹಾರುವ ಎಣ್ಣೆ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಜೊತೆಗೆ ಟರ್ಬೋಚಾರ್ಜರ್ ಮತ್ತು ಎಗ್ಜಾಸ್ಟ್ ಪೈಪಿನ ಲ್ಯಾಗಿಂಗ್, ಅಂದರೆ ಬಿಸಿ ತಡೆಯುವ ಹೊದಿಕೆ, ನೋಡಿ. 220 ಡಿಗ್ರಿ ಮೀರಿ ಬಿಸಿಯಾಗುವ ಮೈಯೆಲ್ಲ ಮುಚ್ಚಿರಬೇಕು ಅಂತ ನಿಯಮವೇ ಇದೆ. ರಿಪೇರಿ ಮುಗಿಸಿ ಲ್ಯಾಗಿಂಗ್ ತುಂಡನ್ನು ಪಕ್ಕಕ್ಕಿಟ್ಟು ಹೋಗುವ ಅಭ್ಯಾಸ ಕಂಡರೆ ಅಲ್ಲೇ ನಿಲ್ಲಿಸಿ ಹಾಕಿಸಿ. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿಗೆ ಮೆಕ್ಸಿಕೋ ಕೊಲ್ಲಿಯಲ್ಲಿ ಬೆಂಕಿ ಬಿದ್ದದ್ದು ಇಂಧನ ವಾಪಸು ಬರುವ ಒಂದು ಫ್ಲೆಕ್ಸಿಬಲ್ ಹೋಸ್ ಸೋರಿದ್ದರಿಂದ. ಮೂರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಎಸಿ ಇಲ್ಲದೆ, ಟಾಯ್ಲೆಟ್ ಇಲ್ಲದೆ ದಿನಗಟ್ಟಲೆ ಕೂತರು. ಕೊನೆಗೆ ಟಗ್‌ಗಳು ಅಲಬಾಮಾದ ಮೊಬೈಲ್ ಬಂದರಿಗೆ ಎಳೆದು ತಂದವು.

ಈಗ ಕಂಟ್ರೋಲ್ ರೂಮು. ಎಷ್ಟು ಇಂಜಿನ್ ಓಡುತ್ತಿವೆ, ಎಷ್ಟು ಲೋಡ್ ಇದೆ, ಒಂದು ಟ್ರಿಪ್ ಆದರೆ (ತಾನಾಗಿ ಕಡಿದುಹೋದರೆ) ಉಳಿದವು ಹೊರುತ್ತವಾ ಅಂತ ಲೆಕ್ಕ ಹಾಕಿ. ಬಂದರಿಗೆ ಒಳಬರುವಾಗ, ಹೊರಡುವಾಗ ಒಂದು ಇಂಜಿನ್ ಹೆಚ್ಚಿಗೆ ಓಡಲಿ. ಎರಡು ಇಂಜಿನ್ ರೂಮುಗಳಿದ್ದರೆ ಎರಡರಲ್ಲೂ ಓಡಲಿ. ಡೀಸೆಲ್ ಉಳಿಸುವ ಮಾತು ಯಾವಾಗಲೂ ಇರುತ್ತದೆ, ಅದು ತಪ್ಪಲ್ಲ. ಆದರೆ ಬಂದರಿನ ಬಾಯಲ್ಲಿ ಬೋ ಥ್ರಸ್ಟರ್ (ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಪ್ರೊಪೆಲರ್) ಒಮ್ಮೆಲೇ ಕರೆಂಟು ಎಳೆಯುವಾಗ ಉಳಿತಾಯದ ಮಾತು ಬೇಡ.

ಜನರೇಟರನ್ನು ಬೋರ್ಡಿಗೆ ಸೇರಿಸುವುದನ್ನು ಕಂಪ್ಯೂಟರೇ ಮಾಡುತ್ತದೆ. ಆದರೂ ಕೈಯಿಂದ ಮಾಡಲು ಬರಲೇಬೇಕು. ಸೆಕೆಂಡ್ ಇಂಜಿನಿಯರನ್ನು ಕೇಳಿ, ಸಮುದ್ರ ಶಾಂತವಾಗಿರುವಾಗ ಅವರ ಮುಂದೆಯೇ ಅಭ್ಯಾಸ ಮಾಡಿ. ಇಂಜಿನ್ ಓಡಿಸಿ, ವೋಲ್ಟೇಜ್ ಹೊಂದಿಸಿ, ಫ್ರೀಕ್ವೆನ್ಸಿ ಬೋರ್ಡಿನದಕ್ಕಿಂತ ಕೂದಲೆಳೆಯಷ್ಟು ಮೇಲಿಡಿ. ಜನರೇಟರ್ ಮತ್ತು ಬೋರ್ಡ್ ಹೊಂದಿವೆಯಾ ಅಂತ ತೋರಿಸುವ ಸಿಂಕ್ರೋಸ್ಕೋಪಿನ ಮುಳ್ಳು ಗಡಿಯಾರದ ದಿಕ್ಕಿನಲ್ಲಿ ನಿಧಾನ ತಿರುಗಬೇಕು. ಅದು ಹನ್ನೆರಡು ಮುಟ್ಟುವ ಮೊದಲು, ಐದು ನಿಮಿಷ ಕಮ್ಮಿ ಹನ್ನೆರಡರ ಜಾಗದಲ್ಲಿ ಬ್ರೇಕರ್ (ಬೋರ್ಡಿಗೆ ಜೋಡಿಸುವ ದೊಡ್ಡ ಸ್ವಿಚ್) ಒತ್ತಿ. ಬ್ರೇಕರ್ ಮುಚ್ಚಲು ಕ್ಷಣ ಬೇಕು, ಅಷ್ಟರಲ್ಲಿ ಮುಳ್ಳು ಮೇಲೆ ಬಂದಿರುತ್ತದೆ. ಉಲ್ಟಾ ತಿರುಗುವಾಗ ಒತ್ತಬೇಡಿ, ಹೊಸ ಜನರೇಟರ್ ಲೋಡ್ ಹೊರುವ ಬದಲು ಬೋರ್ಡಿನಿಂದಲೇ ಎಳೆದುಕೊಂಡು ರಿವರ್ಸ್ ಪವರ್‌ನಲ್ಲಿ ಟ್ರಿಪ್ ಆಗುತ್ತದೆ. ಸರಿಯಾಗಿ ಸೇರಿದರೆ ಬ್ರೇಕರಿನ ಒಂದು ಟಕ್ ಸದ್ದು ಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕತ್ತಲಾಯಿತು ಅನ್ನಿ. ಎಮರ್ಜೆನ್ಸಿ ಜನರೇಟರ್ ತಾನಾಗಿ ಶುರುವಾಗಿ 45 ಸೆಕೆಂಡಿನೊಳಗೆ ಲೋಡ್ ತಗೊಳ್ಳಬೇಕು. ಪ್ರಯಾಣಿಕರ ಹಡಗಿನಲ್ಲಿ 36 ಗಂಟೆ ಓಡುವಷ್ಟು ಇಂಧನ ಅದಕ್ಕಿರಬೇಕು. ಅದು ಎಮರ್ಜೆನ್ಸಿ ದೀಪ, ಫೈರ್ ಪಂಪು, ಸಂಪರ್ಕ ಸಾಧನಗಳಿಗೆ ಸಾಕು, ಹಡಗು ಓಡಿಸಲು ಸಾಲದು. ನೀವು ಮೊದಲು ಬ್ರಿಡ್ಜ್‌ಗೆ ಹೇಳಿ, ಚೀಫ್ ಇಂಜಿನಿಯರ್‌ಗೆ ಕರೆ ಮಾಡಿ. ಆಮೇಲೆ ಅಲಾರಂ ಪಟ್ಟಿಯ ಬುಡಕ್ಕೆ ಹೋಗಿ, ಮೊಟ್ಟಮೊದಲು ಬಂದ ಅಲಾರಂ ಯಾವುದು ಅಂತ ನೋಡಿ. ಮೇಲಿನ ನೂರು ಅಲಾರಂಗಳು ಅದರ ಮಕ್ಕಳು. ಕಾರಣ ತಿಳಿಯದೆ ಸುಮ್ನೆ ಸ್ಟಾರ್ಟ್ ಒತ್ತುತ್ತಾ ಹೋದರೆ ಸ್ಟಾರ್ಟಿಂಗ್ ಏರ್ (ಇಂಜಿನ್ ಶುರು ಮಾಡಲು ಇಟ್ಟಿರುವ ಒತ್ತಡದ ಗಾಳಿ) ಖಾಲಿಯಾಗುತ್ತದೆ.

ನೀರಿನ ಬಗ್ಗೆ ಚಿಕ್ಕದಾಗಿ. ಇಂಜಿನ್ನಿನ ಕೂಲಿಂಗ್ ನೀರಿನ ಬಿಸಿಯಿಂದ ಎವಾಪೊರೇಟರ್ ಸಮುದ್ರದ ನೀರನ್ನು ನಿರ್ವಾತದಲ್ಲಿ ಕಡಿಮೆ ಬಿಸಿಗೇ ಕುದಿಸಿ ಸಿಹಿನೀರು ಮಾಡುತ್ತದೆ. ಬಂದರಿನ ಕೊಳಕು ನೀರಿನಲ್ಲಿ ಕುಡಿಯುವ ನೀರು ಮಾಡಬೇಡಿ. ಬಂದರು ಹತ್ತಿರವಾಗುತ್ತಿದ್ದ ಹಾಗೆ ನಿಲ್ಲಿಸಿ, ಕ್ಲೋರಿನ್ ಅಳತೆ ದಾಖಲಿಸಿ.

ಬಿಲ್ಜ್ (ಹಡಗಿನ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರು) ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡಿ. ಹೊರಗೆ ಬಿಡುವ ನೀರಿನಲ್ಲಿ ಎಣ್ಣೆ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಮೀರಬಾರದು. ಕೆರಿಬಿಯನ್ ಪ್ರಿನ್ಸೆಸ್ ಹಡಗಿನಲ್ಲಿ ಕಳ್ಳ ಪೈಪ್ ಹಾಕಿ ಎಣ್ಣೆ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದರು. 2013ರಲ್ಲಿ ಅದನ್ನು ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಸಿದ್ದು ಹೊಸದಾಗಿ ಸೇರಿದ್ದ ಒಬ್ಬ ಇಂಜಿನಿಯರ್. ಆಗಿನ್ನೂ ನಿಮ್ಮಷ್ಟೇ ಹೊಸಬ. ಕಂಪನಿ 2016ರಲ್ಲಿ 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಎಣ್ಣೆಯ ಲೆಕ್ಕ ಬರೆಯುವ ಆಯಿಲ್ ರೆಕಾರ್ಡ್ ಬುಕ್‌ನಲ್ಲಿ ನೀವು ಕಣ್ಣಾರೆ ನೋಡದ ಕೆಲಸಕ್ಕೆ ಸಹಿ ಹಾಕಬೇಡಿ.

ನೀರು ಒಳನುಗ್ಗದಂತೆ ತಡೆಯುವ ವಾಟರ್‌ಟೈಟ್ ಬಾಗಿಲು ಪೂರ್ತಿ ತೆರೆದ ಮೇಲೆ ದಾಟಿ, ದಾಟಿದ ಕೂಡಲೇ ಮುಚ್ಚಿ. ಕೈಯಲ್ಲಿ ಬಕೆಟ್ಟು, ಸ್ಪ್ಯಾನರ್ ಹಿಡಿದು ಅರ್ಧ ತೆರೆದ ಬಾಗಿಲಲ್ಲಿ ನುಸುಳುವವರನ್ನು ಕಂಡರೆ ಬೈದೇ ಬಿಡಿ. ಆ ಬಾಗಿಲು ಮನುಷ್ಯನಿಗಾಗಿ ನಿಲ್ಲುವುದಿಲ್ಲ.

ಎಂಟಕ್ಕೆ ಬದಲಿ ಬಂದಾಗ ಯಾವ ಪಂಪ್ ಬಿಚ್ಚಿದೆ, ಯಾವ ಅಲಾರಂ ಮುಚ್ಚಿಟ್ಟಿದೆ, ಯಾವ ಫ್ಲೇಂಜಿನ ಅಡಿ ಒದ್ದೆಯಿತ್ತು, ಎಲ್ಲ ಬಾಯಿಬಿಟ್ಟು ಹೇಳಿ, ಲಾಗ್‌ನಲ್ಲೂ ಬರೆಯಿರಿ. ಜನರೇಟರ್ ಸೇರಿಸುವ ಮಧ್ಯದಲ್ಲಿದ್ದರೆ ಅದು ಮುಗಿಯುವ ತನಕ ವಾಚ್ ಬಿಟ್ಟುಕೊಡಬೇಡಿ. ಬಂದವರು ಕುಡಿದಿದ್ದಾರೆ, ಜ್ವರದಲ್ಲಿದ್ದಾರೆ, ನಿದ್ದೆಗೆಟ್ಟು ಕಣ್ಣು ಮುಚ್ಚುತ್ತಿದ್ದಾರೆ ಅನ್ನಿಸಿದರೆ ವಾಚ್ ಕೊಡದೆ ಚೀಫ್‌ಗೆ ತಿಳಿಸುವುದು ನಿಯಮದಲ್ಲೇ ಇದೆ. ಅವರು ಎಷ್ಟೇ ಸೀನಿಯರ್ ಆಗಿರಲಿ, ಫೋನ್ ಎತ್ತಿ.