ಸ್ಮೂಥನಿಂಗ್‌ಗೆ ಮೊದಲು ನಾನು ಬಟ್ಟಲಲ್ಲಿ ಒಂದು ಎಳೆ ನೆನೆಸುತ್ತೇನೆ

ಜೂನ್ ಶುರುವಾಯಿತೆಂದರೆ ಕುಮಟಾದ ನನ್ನ ಪಾರ್ಲರಿಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಮಾತು. "ಅಕ್ಕಾ, ಕೂದಲು ಕೈಗೇ ಸಿಗ್ತಾ ಇಲ್ಲ. ಸ್ಮೂಥನಿಂಗಿಗೆ ಎಷ್ಟು ತಗೋತೀರಿ?" ರೇಟ್ ಹೇಳುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. "ತಲೆಗೆ ಮದರಂಗಿ ಹಚ್ತೀರಾ? ಹಚ್ಚೋದಾದ್ರೆ ಆ ಪ್ಯಾಕೆಟ್ ಇದ್ರೆ ತಗೊಂಡು ಬನ್ನಿ." ಕೆಲವರು ನಗುತ್ತಾರೆ. ಕೂದಲು ನೇರ ಮಾಡಿಸುವುದಕ್ಕೂ ಮದರಂಗಿಗೂ ಏನು ಸಂಬಂಧ ಅಂತ. ಸಂಬಂಧ ಇದೆ. ಅದನ್ನು ನಾನು ಕಲಿತ ದಿನ ಇನ್ನೂ ಮರೆತಿಲ್ಲ.

ನನ್ನದೂ ಗುಂಗುರು ಕೂದಲೇ. ಅಘನಾಶಿನಿ ಹೊಳೆಯ ದಂಡೆಯ ಊರು ನಮ್ಮದು. ಶಾಲೆಗೆ ಹೋಗುವಾಗ ಆಯಿ ಕೊಬ್ಬರಿ ಎಣ್ಣೆ ಸುರಿದು, ಗಟ್ಟಿಯಾಗಿ ಎರಡು ಜಡೆ ಹಾಕಿ ಕಳಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲೆಲ್ಲ ಪುಟ್ಟ ಪುಟ್ಟ ಸುರುಳಿ ಎದ್ದು ನಿಂತಿರುತ್ತಿದ್ದವು. ದಾಸವಾಳದ ಎಲೆ ಕಿವುಚಿದ ಲೋಳೆ ಹಚ್ಚಿ ತಲೆ ಮಿಂದ ದಿನ ಮಾತ್ರ ಸ್ವಲ್ಪ ಮಾತು ಕೇಳುತ್ತಿತ್ತು. ಹುಬ್ಬಳ್ಳಿಯಲ್ಲಿ ಪಾರ್ಲರ್ ಕೆಲಸ ಕಲಿಯುವಾಗ ಮೊದಲ ಸಲ ಸ್ಟ್ರೈಟನಿಂಗ್ ಮಾಡಿದ್ದು ನನ್ನ ತಲೆಗೇ. ಊರಿಗೆ ಬಂದು ಪಾರ್ಲರ್ ಹಾಕಿ ಈಗ 14 ವರ್ಷ.

ನಮ್ಮ ಕರಾವಳಿಯಲ್ಲಿ ಕೂದಲು ಇಷ್ಟು ಕೆದರುವುದು ಯಾಕೆ ಅಂತ ಕಾಲೇಜಿನ ಹುಡುಗಿಯರು ಕೇಳುತ್ತಾರೆ. ಸಿರಸಿಯಿಂದ ಬರುವ ಒಬ್ಬಳು ಹೇಳುತ್ತಿದ್ದಳು, ಬೇಸಿಗೆಯಲ್ಲಿ ಮನೆಯಲ್ಲಿ ಐರನ್ ಮಾಡಿಕೊಂಡು ಹೊರಟರೆ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಎಲ್ಲ ಹಾಳು ಎಂದು. ಅವಳು ಹೇಳಿದ್ದು ಸರಿ. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದನ್ನು ಒಂದು ಆಕಾರದಲ್ಲಿ ಹಿಡಿದಿಡುವ ಕಟ್ಟುಗಳಲ್ಲಿ ಮುಖ್ಯವಾದವು ಎರಡು. ಒಂದು ಸಡಿಲ ಕಟ್ಟು, ಹೈಡ್ರೋಜನ್ ಬಾಂಡ್. ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದರೆ ಮತ್ತೆ ಕೂಡುತ್ತದೆ. ಮನೆಯ ಐರನ್ನು ಬದಲಿಸುವುದು ಇದನ್ನು ಮಾತ್ರ. ಗಾಳಿಯಲ್ಲೇ ನೀರಿರುವ ನಮ್ಮಲ್ಲಿ ಅದು ಬಾಳುವುದು ಹೇಗೆ? ಇನ್ನೊಂದು ಗಟ್ಟಿ ಕಟ್ಟು, ಗಂಧಕದ ಡೈಸಲ್ಫೈಡ್ ಬಾಂಡ್. ಅದಕ್ಕೆ ನೀರೂ ಸಾಲದು, ಐರನ್ನೂ ಸಾಲದು. ರಾಸಾಯನಿಕವೇ ಬೇಕು.

ಪಾರ್ಲರುಗಳಲ್ಲಿ ಸ್ಮೂಥನಿಂಗ್, ಸ್ಟ್ರೈಟನಿಂಗ್, ರೀಬಾಂಡಿಂಗ್ ಎಂದು ಬೇರೆ ಬೇರೆ ಹೆಸರು ಹೇಳುತ್ತೇವೆ. ಹೆಚ್ಚಿನವು ಒಂದೇ ಜಾತಿ. ಥಯೋಗ್ಲೈಕೋಲೇಟ್ ಇರುವ ಕ್ರೀಮು ಗಟ್ಟಿ ಕಟ್ಟನ್ನು ಬಿಡಿಸುತ್ತದೆ. ಐರನ್ ಮಾಡಿ ಕೂದಲನ್ನು ನೇರ ಕೂರಿಸುತ್ತೇವೆ. ಆಮೇಲೆ ನ್ಯೂಟ್ರಲೈಜರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಹಚ್ಚಿ ಆ ಕಟ್ಟನ್ನು ಹೊಸ ಆಕಾರದಲ್ಲಿ ಮತ್ತೆ ಕೂಡಿಸುತ್ತೇವೆ. ಕ್ರೀಮು ಎಷ್ಟು ಜೋರು, ಎಷ್ಟು ಹೊತ್ತು ಇಟ್ಟೆವು, ಐರನ್ ಎಷ್ಟು ಒತ್ತಿದೆವು, ಇದರ ಮೇಲೆ ಹೆಸರು ಬದಲಾಗುತ್ತದೆ. ಕೆರಾಟಿನ್ ಟ್ರೀಟ್‌ಮೆಂಟ್ ಬೇರೆ ಜಾತಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಮದರಂಗಿಯ ಕಥೆ ಆ ಪೆರಾಕ್ಸೈಡಿನಲ್ಲಿದೆ.

ಪಾರ್ಲರ್ ಹಾಕಿದ ಎರಡನೇ ವರ್ಷ. ಮದುವೆಗೆ ಮೂರು ವಾರ ಇರುವಾಗ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ಸೊಂಟದವರೆಗೆ ಕೂದಲು. "ಕಲರ್ ಮಾಡ್ಸಿದ್ದೀಯಾ ತಂಗೀ?" ಎಂದು ಕೇಳಿದೆ. ಇಲ್ಲ ಎಂದಳು. ಸುಳ್ಳು ಹೇಳಲಿಲ್ಲ ಅವಳು. ಜಾತ್ರೆಯಲ್ಲಿ ಕೊಂಡ ಕಪ್ಪು ಮೆಹಂದಿ ಪುಡಿಯನ್ನು ತಿಂಗಳಿಗೊಮ್ಮೆ ಹಚ್ಚುತ್ತಿದ್ದಳು. ಅವಳ ಲೆಕ್ಕದಲ್ಲಿ ಅದು ಮದರಂಗಿ, ಕಲರ್ ಅಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾನೇ ಸರಿಯಾಗಿ ಕೇಳಿರಲಿಲ್ಲ.

ಕ್ರೀಮು ಹಚ್ಚಿದೆ, ತೊಳೆದೆ, ಐರನ್ ಮಾಡಿದೆ. ಎಲ್ಲ ಚೆನ್ನಾಗಿಯೇ ಕಂಡಿತು. ನ್ಯೂಟ್ರಲೈಜರ್ ಹಚ್ಚಿ ಐದು ನಿಮಿಷ ಆಗಿರಬಹುದು, ಕೈಗವಸಿನ ಒಳಗಿನ ಬೆರಳಿಗೆ ಬಿಸಿ ತಾಗಿತು. ಕೂದಲೇ ಬಿಸಿಯಾಗುತ್ತಿತ್ತು. ಒಂಥರಾ ಕೆಟ್ಟ ವಾಸನೆ. ಓಡಿಹೋಗಿ ತಲೆ ತೊಳೆದೆ. ನಡು ಭಾಗದಿಂದ ಕೆಳಗಿನ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಕೊನೆಗೆ ಕುತ್ತಿಗೆಯವರೆಗೆ ಕತ್ತರಿಸಬೇಕಾಯಿತು. ದುಡ್ಡು ವಾಪಸ್ ಕೊಟ್ಟೆ. ಮದುವೆಯ ದಿನ ನಾನೇ ಹೋಗಿ, ಚೌರಿ ಸೇರಿಸಿ ಮೊಗ್ಗಿನ ಜಡೆ ಕಟ್ಟಿದೆ. ಆ ತಾಯಿ ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಶುದ್ಧ ಮದರಂಗಿ ಎಲೆಯ ಪುಡಿ ಕೆಂಪು ಛಾಯೆ ಬಿಟ್ಟು ಬೇರೆ ಬಣ್ಣ ಕೊಡುವುದಿಲ್ಲ. ಕಪ್ಪು, ಕಂದು ಎಂದು ಮಾರುವ ಪುಡಿಯಲ್ಲಿ ಬೇರೇನೋ ಸೇರಿದೆ ಎಂದೇ ಅರ್ಥ. ಕೆಲವದರಲ್ಲಿ ಡೈ ಇರುತ್ತದೆ. ಕೆಲವದರಲ್ಲಿ ಲೋಹದ ಲವಣ ಇರುತ್ತದೆ. ಆ ಲೋಹ ಕೂದಲಿನ ಮೇಲೆ ಪದರ ಪದರವಾಗಿ ಕೂತಿರುತ್ತದೆ. ಪೆರಾಕ್ಸೈಡ್ ತಾಗಿದ ಕೂಡಲೇ ಕಾಯಲು ಶುರು. ತಿಂಗಳು ಬಿಟ್ಟು ಬಂದರೂ ಅದು ಹೋಗುವುದಿಲ್ಲ. ಹಚ್ಚಿದ ಭಾಗ ಬೆಳೆದು, ಕತ್ತರಿಸಿ ಹೋಗಬೇಕು, ಅಷ್ಟೇ.

ಹಾಗಾಗಿ ಈಗ ಹೊಸ ಗಿರಾಕಿ ಯಾರೇ ಬರಲಿ, ಮೊದಲ ದಿನ ಕೆಲಸ ಮಾಡುವುದಿಲ್ಲ. ಹಿಂದಲೆಯಿಂದ ಸಣ್ಣದೊಂದು ಎಳೆ ಕತ್ತರಿಸಿಕೊಳ್ಳುತ್ತೇನೆ. ತುದಿಯ ಭಾಗ ಇರಲೇಬೇಕು, ಏಕೆಂದರೆ ಹಳೆಯ ಕಥೆಯೆಲ್ಲ ಇರುವುದು ತುದಿಯಲ್ಲಿ. ಗಾಜಿನ ಬಟ್ಟಲಲ್ಲಿ 30 ಮಿಲಿ 20 ವಾಲ್ಯೂಮ್, ಅಂದರೆ 6% ಇರುವ, ಪೆರಾಕ್ಸೈಡ್, ಅದಕ್ಕೆ 20 ಹನಿ ಅಮೋನಿಯಾ. ಲೋಹದ ಬಟ್ಟಲು ಬೇಡವೇ ಬೇಡ. ಕಿಟಕಿ ತೆರೆದಿಟ್ಟು, ಎಳೆಯನ್ನು ಅದರಲ್ಲಿ 30 ನಿಮಿಷ ಬಿಡುತ್ತೇನೆ. ನಿಧಾನಕ್ಕೆ ಬಣ್ಣ ತಿಳಿಯಾದರೆ ಗಾಬರಿಯಿಲ್ಲ. ನೊರೆ ಬಂದರೆ, ಬಟ್ಟಲು ಬಿಸಿಯಾದರೆ, ವಾಸನೆ ಎದ್ದರೆ ನಾನು ಆ ತಲೆಗೆ ಕೈ ಹಚ್ಚುವುದಿಲ್ಲ. ಬಟ್ಟಲನ್ನು ಅವರ ಕಣ್ಣೆದುರಿಗೇ ಇಡುತ್ತೇನೆ. ನನ್ನ ಹತ್ತು ಮಾತಿಗಿಂತ ಆ ನೊರೆ ಬೇಗ ಅರ್ಥವಾಗುತ್ತದೆ.

ಇನ್ನೊಂದು ಪರೀಕ್ಷೆ ಬಲದ್ದು. ಒದ್ದೆ ಕೂದಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುವುದು. ಒಳ್ಳೆಯ ಕೂದಲು ತನ್ನ ಉದ್ದದ ಸುಮಾರು ಮೂರನೇ ಒಂದು ಭಾಗ ಹಿಗ್ಗಿ, ಬಿಟ್ಟರೆ ವಾಪಸ್ ಬರುತ್ತದೆ. ರಬ್ಬರಿನ ಹಾಗೆ ಹಿಗ್ಗಿ ಅಲ್ಲೇ ಜೋತುಬಿದ್ದರೆ, ಇಲ್ಲಾ ಪಟ್ಟನೆ ಹರಿದರೆ, ಆ ಕೂದಲಿಗೆ ಇನ್ನೊಂದು ಕ್ರೀಮು ತಡೆಯದು. ಬೇರೆ ಕಡೆ ಕಾಸ್ಟಿಕ್ ರಿಲ್ಯಾಕ್ಸರ್, ಅಂದರೆ ಕಾಸ್ಟಿಕ್ ಸೋಡಾದಂಥ ಕ್ಷಾರದಿಂದ ಕೂದಲು ನೇರ ಮಾಡುವ ಕ್ರೀಮು, ಹಾಕಿಸಿಕೊಂಡವರಿಗೂ ನಾನು ಥಯೋ ಕ್ರೀಮು ಹಚ್ಚುವುದಿಲ್ಲ. ಅವೆರಡೂ ಒಂದೇ ಕೂದಲಿನ ಮೇಲೆ ಸೇರಿದರೆ ತುಂಡಾಗುವುದೇ. ಗರ್ಭಿಣಿಯರು, ಎದೆಹಾಲು ಕೊಡುವವರು, ನೆತ್ತಿಯಲ್ಲಿ ಗಾಯ ಇರುವವರು ಬಂದರೆ ಟೀ ಕೊಟ್ಟು ಮಾತಾಡಿಸಿ ಕಳಿಸುತ್ತೇನೆ.

ಈಗ ಕೆರಾಟಿನ್. ಹೆಸರು ಕೇಳಿದರೆ ಕೂದಲಿಗೆ ಪೌಷ್ಟಿಕ ಆಹಾರ ಕೊಟ್ಟ ಹಾಗೆ ಅನಿಸುತ್ತದೆ, ಅಲ್ವಾ? ಆದರೆ ಹಳೆಯ ಜಾತಿಯ ಕೆರಾಟಿನ್ ಕ್ರೀಮುಗಳಲ್ಲಿ ಕೂದಲನ್ನು ಹಿಡಿದಿಡುತ್ತಿದ್ದುದು ಫಾರ್ಮಾಲ್ಡಿಹೈಡ್. ನೀರಿನಲ್ಲಿ ಬೆರೆತಾಗ ಅದಕ್ಕೆ ಮೆಥಿಲೀನ್ ಗ್ಲೈಕಾಲ್ ಎಂಬ ಹೆಸರು. 230 ಡಿಗ್ರಿ ಐರನ್ ತಾಗಿಸಿದರೆ ಮತ್ತೆ ಫಾರ್ಮಾಲ್ಡಿಹೈಡ್ ಆಗಿ ಹೊಗೆಯಲ್ಲಿ ಹೊರಗೆ ಬರುತ್ತದೆ. ಡಬ್ಬದ ಮೇಲೆ "ಫಾರ್ಮಾಲ್ಡಿಹೈಡ್ ಇಲ್ಲ" ಎಂದು ಬರೆದಿದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು 2004ರಲ್ಲೇ ಹೇಳಿದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2011ರಲ್ಲಿ ಪಾರ್ಲರಿನವರಿಗೆಂದೇ ಎಚ್ಚರಿಕೆ ಹೊರಡಿಸಿತು.

ಇದೆಲ್ಲ ಗೊತ್ತಾಗುವ ಮೊದಲು ನಾನು ಎರಡು ಮಳೆಗಾಲ ಆ ಕೆಲಸ ಮಾಡಿದ್ದೇನೆ. ಹೊರಗೆ ಮಳೆ ಹೊಡೆಯುತ್ತಿತ್ತು. ಕಿಟಕಿ ಬಾಗಿಲು ಹಾಕಿಕೊಂಡು, ಎಸಿ ಹಾಕಿ ಐರನ್ ಮಾಡುತ್ತಿದ್ದೆ. ಕಣ್ಣು ಉರಿಯುತ್ತಿತ್ತು, ಗಂಟಲು ಕಟ್ಟುತ್ತಿತ್ತು. ಗಿರಾಕಿ ಮೂರು ತಿಂಗಳಿಗೊಮ್ಮೆ ಆ ಹೊಗೆ ಕುಡಿದರೆ, ನಾನು ಮತ್ತು ನನ್ನ ಕೈಕೆಳಗಿನ ಹುಡುಗಿ ವಾರಕ್ಕೆ ಮೂರು ಸಲ ಕುಡಿಯುತ್ತಿದ್ದೆವು. ಆ ಹುಡುಗಿಗೆ ಆಗ 19 ವರ್ಷ. ಅವಳ ಕೆಮ್ಮು ನೋಡಿಯೇ ನಾನು ನಿಲ್ಲಿಸಿದ್ದು.

ಆಮೇಲೆ ಗ್ಲೈಆಕ್ಸಿಲಿಕ್ ಆಸಿಡ್ ಇರುವ ಕ್ರೀಮುಗಳು ಬಂದವು. ಹೊಗೆ ಕಡಿಮೆ. ಹಚ್ಚಿದರೆ ಕೂದಲಿನ ಬಣ್ಣ ಸ್ವಲ್ಪ ತಿಳಿಯಾಗುತ್ತಿತ್ತು, ಅಷ್ಟೇ ತೊಂದರೆ ಅಂದುಕೊಂಡಿದ್ದೆ. 2024ರಲ್ಲಿ ಫ್ರಾನ್ಸಿನ ವೈದ್ಯರು ಒಂದು ವರದಿ ಪ್ರಕಟಿಸಿದರು. ಒಬ್ಬ ಯುವತಿ ಮೂರು ಸಲ ಕೂದಲು ನೇರ ಮಾಡಿಸಿಕೊಂಡಿದ್ದಳು. ಮೂರೂ ಸಲ ಅವಳ ಕಿಡ್ನಿಗೆ ಪೆಟ್ಟಾಗಿತ್ತು. ಆ ಕ್ರೀಮಿನಲ್ಲಿ 10% ಗ್ಲೈಆಕ್ಸಿಲಿಕ್ ಆಸಿಡ್ ಇತ್ತು. ಅದನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ಸಿಕ್ಕವು. ಓದಿದ ದಿನವೇ ಉಳಿದಿದ್ದ ಎರಡು ಬಾಟಲಿ ತೆಗೆದಿಟ್ಟೆ. ದುಡ್ಡು ಹೋಯಿತು, ಹೋಗಲಿ. ನಮ್ಮ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಇವತ್ತು ನನ್ನ ಕುರ್ಚಿಯಲ್ಲಿ ಕೂತವಳು ನಾಳೆ ಮೀನು ಪೇಟೆಯಲ್ಲಿ ಸಿಗುತ್ತಾಳೆ. ಅವಳ ಮುಖ ನೋಡಿ ಮಾತಾಡುವ ಹಾಗಿರಬೇಕು.

ಥಯೋ ಕ್ರೀಮು ಪೂರ್ತಿ ನಿರಪಾಯ ಎಂದು ನಾನು ಹೇಳುವುದಿಲ್ಲ. ಅದೂ ಕೂದಲನ್ನು ಸೊರಗಿಸುತ್ತದೆ. ಆದರೆ ನೆತ್ತಿಗೆ ತಾಗದ ಹಾಗೆ ಹಚ್ಚಬಹುದು, ಬೇಕಾದ ನಿಮಿಷಕ್ಕೆ ನಿಲ್ಲಿಸಬಹುದು.

ಕೆಲಸದ ದಿನ ಬೆಳಿಗ್ಗೆ ಒಂಬತ್ತಕ್ಕೇ ಬರಲು ಹೇಳುತ್ತೇನೆ. ಉದ್ದ ಕೂದಲಿಗೆ ಐದು ತಾಸು ಬೇಕು. ಎಣ್ಣೆ ಹಚ್ಚಿಕೊಂಡು ಬಂದವರ ತಲೆಯನ್ನು ಎರಡು ಸಲ ಶಾಂಪೂ ಮಾಡುತ್ತೇನೆ. ನಮ್ಮಲ್ಲಿ ಎಣ್ಣೆ ಬಿಟ್ಟು ಬನ್ನಿ ಎಂದರೂ ಬಿಡುವವರು ಕಡಿಮೆ. ಕ್ರೀಮು ಬುಡದಿಂದ ಅರ್ಧ ಇಂಚು ಬಿಟ್ಟು, ತೆಳು ಸೆಕ್ಷನ್ ತೆಗೆದು ಬ್ರಶ್ಶಿನಲ್ಲಿ ಹಚ್ಚುವುದು. ಹತ್ತು ನಿಮಿಷದಿಂದಲೇ ನೋಡಲು ಶುರು. ಒಂದು ಕೂದಲನ್ನು ಬಾಚಣಿಗೆಯ ಹಿಡಿಗೆ ಸುತ್ತಿ ಬಿಟ್ಟರೆ ಅದು ಸುರುಳಿಯಾಗಿ ಮೇಲೆ ಜಿಗಿಯಬಾರದು, ಸುತ್ತಿದ ಹಾಗೇ ಮೆತ್ತಗೆ ಮಲಗಬೇಕು. ಅಷ್ಟಾದ ಕೂಡಲೇ ತೊಳೆಯಬೇಕು. ಪ್ಯಾಕೆಟ್ಟಿನ ಮೇಲೆ 30 ನಿಮಿಷ ಎಂದಿರಲಿ, 14 ನಿಮಿಷಕ್ಕೇ ಮೆತ್ತಗಾದ ಕೂದಲನ್ನು ನಾನು ನೋಡಿದ್ದೇನೆ.

ಆಮೇಲೆ ಹತ್ತು ನಿಮಿಷ ನೀರು ಬಿಡುತ್ತೇನೆ. ಕ್ರೀಮಿನ ಜಾರು ಪೂರ್ತಿ ಹೋಗಬೇಕು. ಪೂರ್ತಿ ಒಣಗಿಸಿದ ಮೇಲೆಯೇ ಐರನ್. ಕೂದಲಿನ ಒಳಗೆ ನೀರು ಉಳಿದಿದ್ದರೆ ಐರನ್ನಿನ ಬಿಸಿಗೆ ಅದು ಆವಿಯಾಗಿ ಒಳಗೇ ಗುಳ್ಳೆ ಎಬ್ಬಿಸುತ್ತದೆ. ಆ ಜಾಗದಲ್ಲಿ ಕೂದಲು ಮುರಿಯುತ್ತದೆ. ದಪ್ಪ ಕೂದಲಿಗೆ 200 ಡಿಗ್ರಿ, ತೆಳು ಕೂದಲಿಗೆ 170ರ ಮೇಲೆ ಹೋಗುವುದಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಕಷ್ಟ ಹೇಳಲೇಬೇಕು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಕ್ರೀಮು ತೊಳೆದು, ಅರ್ಧ ತಲೆ ಐರನ್ ಆಗಿರುವಾಗ ಹೋದರೆ? ಐರನ್ನು ಇನ್ವರ್ಟರಿನಲ್ಲಿ ನಡೆಯುತ್ತದೆ. ಡ್ರೈಯರ್ ನನ್ನ ಇನ್ವರ್ಟರಿಗೆ ಆಗದು. ಒಮ್ಮೆ ಒಂದು ತಾಸು ಟವೆಲ್ಲಿನಿಂದ ಒತ್ತಿ ಒತ್ತಿ, ಫ್ಯಾನಿನ ಕೆಳಗೆ ಕೂರಿಸಿ ಒಣಗಿಸಿದ್ದೇನೆ. ಆಮೇಲೆ ಸಾಲ ಮಾಡಿ ಸಣ್ಣ ಜನರೇಟರ್ ತಂದೆ. ಈ ಊರಿನಲ್ಲಿ ಸ್ಮೂಥನಿಂಗ್ ಮಾಡುವವರಿಗೆ ಅದು ಕ್ರೀಮಿನಷ್ಟೇ ಮುಖ್ಯ.

ನ್ಯೂಟ್ರಲೈಜರ್ ಹಚ್ಚಿ, ತೊಳೆದು, ಒಣಗಿಸಿ ಕಳಿಸುವಾಗ ಹೇಳುವ ಮಾತು ಒಂದಿಷ್ಟಿದೆ. ಮೂರು ದಿನ ತಲೆ ಮೀಯಬೇಡಿ. ಕ್ಲಿಪ್ಪು, ರಬ್ಬರ್, ಹೂವು ಯಾವುದೂ ಬೇಡ. ಕಿವಿಯ ಹಿಂದೆ ಸಿಕ್ಕಿಸಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಅಬ್ಬಲಿಗೆ ದಂಡೆ ಇಲ್ಲದೆ ಮೂರು ದಿನ ಕಳೆಯುವುದು ಸುಲಭವಲ್ಲ. ಸ್ಕೂಟಿಯವರಿಗೆ ಹೆಲ್ಮೆಟ್ ಬಿಡಿ ಎಂದು ನಾನು ಹೇಳಲಾರೆ. ಆ ಮೂರು ದಿನ ಬಸ್ಸಿನಲ್ಲಿ ಓಡಾಡಿ ಎನ್ನುತ್ತೇನೆ. ಮದುಮಗಳಾದರೆ ಕಡೇಪಕ್ಷ ಒಂದು ತಿಂಗಳು ಮೊದಲೇ ಬರಲಿ. ಎಣ್ಣೆ ಶಾಸ್ತ್ರ ಬಿಡಲು ಆಗುವುದಿಲ್ಲವಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಹೊಳೆ ಪಕ್ಕದ ಬಾವಿಯ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ಆಗ ಕೊನೆಯ ಎರಡು ತಂಬಿಗೆಯಾದರೂ ಸಿಹಿ ನೀರು ಸುರಿದುಕೊಳ್ಳಿ ಎನ್ನುತ್ತೇನೆ.

ಬೇಡ ಎಂದು ನಾನು ಹೇಳಿದವರಲ್ಲಿ ಕೆಲವರು ಬೇಜಾರು ಮಾಡಿಕೊಂಡು ಕಾರವಾರಕ್ಕೋ ಗೋವಾಕ್ಕೋ ಹೋಗುತ್ತಾರೆ. ಕೆಲವರು ಉಳಿಯುತ್ತಾರೆ. ಶಾಲೆಯ ಅಕ್ಕೋರೊಬ್ಬರ ಎಳೆ ಬಟ್ಟಲಲ್ಲಿ ನೊರೆ ಬಂದಿತ್ತು. ಅವರು ಕಪ್ಪು ಪುಡಿ ಬಿಟ್ಟರು. ಎರಡು ವರ್ಷ, ಎರಡು ತಿಂಗಳಿಗೊಮ್ಮೆ ಬಂದು ತುದಿ ಕತ್ತರಿಸಿಕೊಂಡರು. ಅಷ್ಟರಲ್ಲಿ ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಬೆರಳಿನಲ್ಲೇ ಸುರುಳಿ ಕೂರಿಸುವುದನ್ನು ನಾನು ಕಲಿಸಿದ್ದೆ. ಕೊನೆಗೆ ಎಳೆ ಪರೀಕ್ಷೆ ಪಾಸಾದ ದಿನ, "ಈಗ ಬ್ಯಾಡ ಬಿಡು, ಹಿಂಗೇ ಚಂದ ಇದ್ದು" ಅಂದರು. ನನಗೆ ಐದು ಸಾವಿರದ ಕೆಲಸ ತಪ್ಪಿತು. ಆದರೂ ಅವತ್ತು ಮನೆಗೆ ಹೋಗಿ ಆಯಿಗೆ ಮೊದಲು ಹೇಳಿದ್ದು ಅದನ್ನೇ.

ಮಾಡಿಸಿಕೊಂಡವರು ಎಂಟು ಹತ್ತು ತಿಂಗಳಿಗೆ ಮತ್ತೆ ಬರುತ್ತಾರೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಬೆಳೆಯುತ್ತದೆ. ಬುಡದಲ್ಲಿ ನಾಲ್ಕು ಇಂಚು ಗುಂಗುರು, ಕೆಳಗೆ ನೇರ. ಆ ಹೊಸ ನಾಲ್ಕು ಇಂಚಿಗೆ ಮಾತ್ರ ಕ್ರೀಮು ಹಚ್ಚಬೇಕು. ಕೆಳಗಿನ ಭಾಗಕ್ಕೆ ಕಂಡೀಷನರ್ ಬಳಿದು ಕಾಪಾಡುತ್ತೇನೆ, ಎರಡನೇ ಸಲ ಕ್ರೀಮು ತಾಗಿದರೆ ಗಡಿಯಲ್ಲೇ ಮುರಿಯುತ್ತದೆ. ಇದಕ್ಕೆಂದೇ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬೊಬ್ಬರಿಗೆ ಒಂದು ಪುಟ. ತಾರೀಕು, ಕ್ರೀಮು, ಎಷ್ಟು ನಿಮಿಷ, ಎಷ್ಟು ಡಿಗ್ರಿ. ಕೆಳಗೆ ಟೇಪ್ ಹಾಕಿ ಅಂಟಿಸಿದ ಅವರದೇ ಎಳೆ. ಟಚ್ ಅಪ್‌ಗೆ ಬಂದಾಗ ಆ ಪುಟ ತೆಗೆದು, ಹಳೆಯ ಎಳೆಯನ್ನು ಹೊಸ ಬುಡದ ಪಕ್ಕ ಹಿಡಿದು ನೋಡುತ್ತೇನೆ. ಆಮೇಲೆ ಗಾಜಿನ ಬಟ್ಟಲು ತೊಳೆಯಲು ಹುಡುಗಿಗೆ ಹೇಳುತ್ತೇನೆ.