ಸಿಂಗಪುರದಲ್ಲಿ ಗುಂಪಿನವರಿಗೊಂದು ಬಿಡುವಿನ ದಿನ

ಮೈಸೂರಿನಿಂದ ಹತ್ತು ಹನ್ನೆರಡು ಮಂದಿ, ಅದರಲ್ಲೂ ಅರವತ್ತು ದಾಟಿದವರು ಜೊತೆಗೂಡಿ ಸಿಂಗಪುರಕ್ಕೆ ಹೋದಾಗ, ಸ್ವಂತ ಓಡಾಟಕ್ಕೆಂದು ಬಿಟ್ಟ ದಿನವೇ ಎಲ್ಲರನ್ನೂ ಹೆಚ್ಚು ದಣಿಸುತ್ತದೆ. ಯಾರು ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲೇ ಬೆಳಗು ಕಳೆದು, ಮಧ್ಯಾಹ್ನದ ಸೆಕೆಯಲ್ಲಿ ಅಂಗಡಿ ಅಲೆದು, ಸಂಜೆಯ ಹೊತ್ತಿಗೆ ಕಾಲು ಸೋತಿರುತ್ತದೆ. ಇದನ್ನು ತಪ್ಪಿಸಬೇಕಾದರೆ ಇಡೀ ದಿನವನ್ನು ಒಂದೇ ಮೆಟ್ರೊ ಮಾರ್ಗಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು. ನೀಲಿ ಬಣ್ಣದ ಡೌನ್‌ಟೌನ್ ಮಾರ್ಗದಲ್ಲಿ ಬೊಟಾನಿಕ್ ಗಾರ್ಡನ್ಸ್, ಲಿಟಲ್ ಇಂಡಿಯಾ ಮತ್ತು ಬೇಫ್ರಂಟ್ ನಿಲ್ದಾಣಗಳು ಇದೇ ಕ್ರಮದಲ್ಲಿ ಬರುವುದರಿಂದ ನಡುವೆ ರೈಲು ಬದಲಿಸಬೇಕಾಗಿಲ್ಲ.

ಊರು ಬಿಡುವ ಮೊದಲೇ ಪ್ರತಿಯೊಬ್ಬರೂ ತಮ್ಮ ಬ್ಯಾಂಕ್ ಕಾರ್ಡಿನ ವಿದೇಶಿ ಬಳಕೆಯನ್ನು ಚಾಲೂ ಮಾಡಿ, ಖರ್ಚಿನ ಮಿತಿಯನ್ನೂ ಹಾಕಿಕೊಂಡಿರಬೇಕು. ಮೆಟ್ರೊ ಗೇಟಿನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮುಟ್ಟಿಸಿದರೆ ಸಾಕು, ಆದರೆ ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಬರುವಾಗಲೂ ಮುಟ್ಟಿಸಬೇಕು. ಚೀಲದಲ್ಲಿರುವ ಕೋಡುಬಳೆ, ಚಕ್ಕುಲಿಯನ್ನು ರೈಲಿನಲ್ಲಿ ತೆಗೆಯಬಾರದು. ಅಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ 500 ಡಾಲರ್‌ವರೆಗೆ ದಂಡವಿದೆ.

ಸಿಂಗಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಎಂಟು ಗಂಟೆಯಾದಾಗ ನಮ್ಮ ದೇಹಕ್ಕೆ ಇನ್ನೂ ಐದೂವರೆಯೇ ಆಗಿರುತ್ತದಾದ್ದರಿಂದ ಹಿರಿಯರನ್ನು ಅವಸರಪಡಿಸದೆ ಒಂಬತ್ತಕ್ಕೆ ಹೊರಟರೆ ಸಾಕು. 1859ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೊಟಾನಿಕ್ ಗಾರ್ಡನ್ಸ್‌ಗೆ ಪ್ರವೇಶ ಉಚಿತ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನಿತ್ಯ ನಡೆಯುವವರಿಗೂ ಇಡೀ ತೋಟವನ್ನು ಒಂದೇ ಬೆಳಗಿನಲ್ಲಿ ಸುತ್ತಬೇಕೆಂಬ ಹಟ ಬೇಡ. ನಿಲ್ದಾಣದ ಹತ್ತಿರದ ಮರಗಳ ನೆರಳಲ್ಲಿ ಒಂದು ಗಂಟೆ ಕುಳಿತು ಎದ್ದರೂ ಮನಸ್ಸು ಹಗುರಾಗುತ್ತದೆ.

ಅಲ್ಲಿಂದ ಲಿಟಲ್ ಇಂಡಿಯಾಕ್ಕೆ ಮೂರೇ ನಿಲ್ದಾಣ. ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿ ನಮ್ಮ ಕಡೆಯ ಗುಡಿಗಳಂತೆ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಹನ್ನೆರಡರೊಳಗೆ ದರ್ಶನ ಮುಗಿಸಬೇಕು. ಅದೇ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಊಟವಾದ ತಕ್ಷಣ ಅಂಗಡಿಗೆ ನುಗ್ಗದೆ ಅರ್ಧ ಗಂಟೆ ಕುಳಿತಿರುವುದು ಲೇಸು.

ಖರೀದಿಗೆ ಮುಸ್ತಫಾ ಮಳಿಗೆಯೊಂದೇ ಸಾಕು. ದೇವರಾಜ ಮಾರುಕಟ್ಟೆಯ ಚೌಕಾಸಿ ಅಲ್ಲಿ ನಡೆಯುವುದಿಲ್ಲ, ಬೆಲೆ ಬರೆದಿಟ್ಟಂತೆಯೇ. ಒಮ್ಮೆ ನಮ್ಮ ಗುಂಪಿನ ಇಬ್ಬರು ಒಂದು ಮಹಡಿಯಲ್ಲಿ, ಉಳಿದವರು ಇನ್ನೊಂದರಲ್ಲಿ ಪರಸ್ಪರ ಕಾಯುತ್ತಾ ಒಂದು ಗಂಟೆ ಕಳೆದೆವು. ಅಂದಿನಿಂದ ನಾಲ್ಕು ನಾಲ್ಕು ಜನರ ತಂಡ ಮಾಡಿ, ಪ್ರತಿ ತಂಡದಲ್ಲೂ ಫೋನ್ ಬಳಸಬಲ್ಲ ಒಬ್ಬರನ್ನು ಇರಿಸಿ, ಎರಡು ಗಂಟೆಯ ಬಳಿಕ ಸೇರುವ ಬಾಗಿಲನ್ನು ಒಳಹೋಗುವ ಮೊದಲೇ ಎಲ್ಲರಿಗೂ ತೋರಿಸುತ್ತೇವೆ. ಕಾರ್ಡಿನಲ್ಲಿ ಹಣ ಕೊಡುವಾಗ ಯಂತ್ರವು ರೂಪಾಯಿಯೋ ಡಾಲರೋ ಎಂದು ಕೇಳಿದರೆ ಸಿಂಗಪುರದ ಡಾಲರನ್ನೇ ಆರಿಸಿಕೊಳ್ಳಬೇಕು; ರೂಪಾಯಿ ಆರಿಸಿದರೆ ಪರಿವರ್ತನೆಯ ದರ ಸಾಮಾನ್ಯವಾಗಿ ದುಬಾರಿಯಾಗುತ್ತದೆ. ಅಲ್ಲಿನ ಶೇ. 9ರ ಜಿಎಸ್‌ಟಿಯನ್ನು ಪ್ರವಾಸಿಗರು ಮರಳಿ ಪಡೆಯುವ ವ್ಯವಸ್ಥೆ ಇರುವ ಅಂಗಡಿಗಳಲ್ಲಿ ಕನಿಷ್ಠ 100 ಡಾಲರ್‌ನ ಖರೀದಿಗೆ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಿಕೊಳ್ಳಬೇಕು. ವಿಮಾನ ನಿಲ್ದಾಣದಲ್ಲಿ ವಸ್ತುವನ್ನು ತೋರಿಸಲು ಕೇಳಬಹುದಾದ್ದರಿಂದ, ಲಗೇಜನ್ನು ಒಪ್ಪಿಸುವ ಮೊದಲೇ ಆ ಕೆಲಸ ಮುಗಿಸಬೇಕು.

ಚೀಲಗಳನ್ನು ಹೋಟೆಲಿನಲ್ಲಿಟ್ಟು, ಕಾಲು ಚಾಚಿ ವಿಶ್ರಮಿಸಿ, ಏಳು ಗಂಟೆಗೆ ಬೇಫ್ರಂಟ್ ನಿಲ್ದಾಣದಲ್ಲಿ ಇಳಿಯಿರಿ. ಗಾರ್ಡನ್ಸ್ ಬೈ ದ ಬೇ ಉದ್ಯಾನದ ಉಕ್ಕಿನ ಮಹಾವೃಕ್ಷಗಳ ಕೆಳಗೆ 7.45ಕ್ಕೂ 8.45ಕ್ಕೂ ನಡೆಯುವ ಸಂಗೀತ ಮತ್ತು ದೀಪಗಳ ಪ್ರದರ್ಶನ ಉಚಿತವಾಗಿದ್ದು, ಬೃಂದಾವನದ ಕಾರಂಜಿಯನ್ನು ನೋಡಿ ಬೆಳೆದ ನಮ್ಮವರಿಗೆ ಬಹಳ ಹಿಡಿಸುತ್ತದೆ. ಹಿರಿಯರಿದ್ದರೆ ಮೊದಲನೆಯದನ್ನೇ ಆರಿಸಿಕೊಂಡು, ಅದು ಮುಗಿದ ಮೇಲೆ ಜನಜಂಗುಳಿ ಕರಗುವವರೆಗೆ ಕಾಲು ಗಂಟೆ ಅಲ್ಲೇ ಕುಳಿತು, ತಲೆ ಎಣಿಸಿಕೊಂಡು ಹೊರಡಬೇಕು.