ಮೂರು ಬೀಜ್ ಬಣ್ಣಗಳಲ್ಲಿ ಒಂದನ್ನು ಆರಿಸಿದ ಬಗೆ

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಹಾಲ್‌ಗೆ ಬಣ್ಣ ಹೊಡೆಸಲು ಹೊರಟಾಗ, ಶೇಡ್ ಕಾರ್ಡಿನಲ್ಲಿ ಗುರುತು ಹಾಕಿದ್ದ ಮೂರು ಬೀಜ್ (ತಿಳಿ ಮರಳಿನಂಥ) ಬಣ್ಣಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಕಳೆದ ಸಲ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಆರಿಸಿದ ಬಣ್ಣವು ಮನೆಯ ಗೋಡೆಯ ಮೇಲೆ ಮಾಸಲು ಗುಲಾಬಿಯಾಗಿ ಕಂಡಿದ್ದರಿಂದ ಈ ಬಾರಿ ಅವಸರಪಡಲಿಲ್ಲ.

ಕಾರ್ಡನ್ನು ಅಚ್ಚ ಬಿಳಿಯ ಹಾಳೆಯ ಮೇಲಿಟ್ಟಾಗ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ತೆಳು ಹಸಿರು ಛಾಯೆ ಅಡಗಿರುವುದು ತಿಳಿಯಿತು. ಬಳಿಕ ಸ್ಯಾಂಪಲ್ ಡಬ್ಬಿಗಳನ್ನು ತಂದು, ಗೋಡೆಯ ಹಳೆಯ ಬಣ್ಣ ಕಣ್ಣನ್ನು ವಂಚಿಸಬಾರದೆಂದು ನೇರವಾಗಿ ಗೋಡೆಗೆ ಹಚ್ಚದೆ, ದಪ್ಪ ಡ್ರಾಯಿಂಗ್ ಹಾಳೆಗಳಿಗೆ ಸುತ್ತಲೂ ಬಿಳಿಯ ಅಂಚು ಬಿಟ್ಟು ಎರಡೆರಡು ಕೋಟ್ ಕೊಟ್ಟೆ. ಮಳೆಗಾಲವಾದ್ದರಿಂದ ಒಣಗಲು ಹೆಚ್ಚು ಹೊತ್ತು ಹಿಡಿಯಿತು. ಹಸಿ ಬಣ್ಣವನ್ನು ನೋಡಿ ತೀರ್ಮಾನಿಸುವುದು ವ್ಯರ್ಥ.

ಆ ಹಾಳೆಗಳನ್ನು ಕಿಟಕಿಯ ಪಕ್ಕದ, ಎದುರಿನ ಹಾಗೂ ಕತ್ತಲೆ ಮೂಲೆಯ ಗೋಡೆಗಳಿಗೆ ಸರದಿಯಂತೆ ಅಂಟಿಸಿ, ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ನೋಡಿದೆವು. ನಮ್ಮ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲಿಲ್ಲದ ಆ ತಣ್ಣನೆಯ ಬೆಳಕಿನಲ್ಲಿ ಹಸಿರು ಛಾಯೆಯದು ಬೂದಿಯಂತಾಯಿತು. ಗುಲಾಬಿಯದು ನೆಲದ ಹಳದಿ ಟೈಲ್ಸ್‌ಗೆ ಹೊಂದಲಿಲ್ಲ. 6500 ಕೆಲ್ವಿನ್ನಿನ, ಅಂದರೆ ತಣ್ಣನೆಯ ಬಿಳಿ ಬೆಳಕಿನ ಎಲ್‌ಇಡಿ ತೆಗೆದು 3000 ಕೆಲ್ವಿನ್ನಿನ ಹಳದಿ ಬೆಳಕಿನ ಬಲ್ಬ್ ಹಾಕಿದಾಗ ಹಳದಿ ಛಾಯೆಯ ಬೀಜ್ ಬೆಚ್ಚಗೆ ಕಂಡಿತು. ಅತ್ತೆಯವರು ಮಾತ್ರ ಮೂರೂ ಒಂದೇ ಎಂದರು.

ಕೊನೆಗೆ ಹಳದಿ ಛಾಯೆಯದನ್ನೇ ಹೊಡೆಸಿದೆವು, ಶೇಡ್ ಸಂಖ್ಯೆಯನ್ನು ಕಪಾಟಿನ ಬಾಗಿಲಿನ ಒಳಬದಿಯಲ್ಲಿ ಬರೆದಿಟ್ಟಿದ್ದೇನೆ.